ಕೆಚ್ಚುವವಳ ಚಂಚಿ

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುವವನು ನಾನು. ಅಣ್ಣ ತೀರಿಕೊಂಡಾಗ ಸಮಾಧಾನ ಹೇಳಲು ಬಂದವರನ್ನೂ ನಂಬಲಿಲ್ಲ. ಬೆಟಗೇರಿಯ ನಮ್ಮ ಮನೆಯಲ್ಲಿ ಅವನದೊಂದು, ನನ್ನದೊಂದು ಕೈಮಗ್ಗ. ನಲವತ್ತು ವರ್ಷ ಅಕ್ಕಪಕ್ಕ ಕೂತು ರೇಷ್ಮೆ ಸೀರೆ ನೇಯ್ದಿದ್ದೆವು. ದಿನಕರ್ಮ ಮುಗಿದ ಮರುದಿನವೇ ಓಣಿಯ ಮಗ್ಗಗಳು ತಮ್ಮ ಪಾಡಿಗೆ ಖಟಖಟ ಎನ್ನುತ್ತಿದ್ದವು. ಇಷ್ಟೇನಾ ಮನುಷ್ಯ ಅಂದರೆ ಎಂದು ಸಿಟ್ಟು ಬಂತು. ನಾನು ಹೋದರೂ ಇದೇ ಗತಿ. ಮತ್ತೆ ಯಾತಕ್ಕೆ ಒದ್ದಾಡಬೇಕು?

ಆ ಸಿಟ್ಟು ಕೈಗೂ ಇಳಿಯಿತು. ನೇಯುವಾಗ ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲಿನ, ಎಳೆ ಕಡಿದರೆ ಮೊದಲಿನಂತೆ ಹುಡುಕಿ ಕಟ್ಟುತ್ತಿರಲಿಲ್ಲ. ಸಾವಿರಾರು ಎಳೆಗಳಲ್ಲಿ ಒಂದು ಹೋದರೆ ಯಾವನು ನೋಡುತ್ತಾನೆ ಎಂದು ಬಿಟ್ಟುಬಿಡುತ್ತಿದ್ದೆ. ಯಾವನೂ ನೋಡಲಿಲ್ಲ ಕೂಡ.

ನಮ್ಮಲ್ಲಿ ಒಂದು ಹಾಸು ಮುಗಿಯುತ್ತ ಬಂದಾಗ ಮಗ್ಗವನ್ನು ಪೂರ್ತಿ ಬರಿದು ಮಾಡುವುದಿಲ್ಲ. ಗೇಣುದ್ದ ಹಳೆಯ ಎಳೆಗಳನ್ನು ಉಳಿಸಿ, ಹೊಸ ಹಾಸಿನ ಒಂದೊಂದೇ ಎಳೆಯನ್ನು ಅವಕ್ಕೆ ಹೊಸೆದು ಜೋಡಿಸುತ್ತೇವೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಆ ಜೋಡಣೆಯ ಭಾಗ ಸೀರೆಗೆ ಬರುವುದೇ ಇಲ್ಲ, ಕತ್ತರಿಸಿ ಬಿಸಾಡುತ್ತೇವೆ. ನಮ್ಮ ಮನೆಗೆ ಕೆಚ್ಚಲು ಬರುತ್ತಿದ್ದವಳು ಹಿಂದಿನ ಓಣಿಯ ಮುದುಕಿ. ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಕೂತರೆ ಸಂಜೆಯ ತನಕ ಏಳುತ್ತಿರಲಿಲ್ಲ.

ಈ ಸಲ ಆಕೆ ಅಲ್ಲಲ್ಲಿ ತಡೆಯುತ್ತಿದ್ದಳು. ನನಗೆ ಬೆನ್ನು ಮಾಡಿ ಬಗ್ಗುವುದು, ಸೊಂಟದ ಎಲೆಯಡಿಕೆ ಚಂಚಿಗೆ ಕೈ ಹಾಕುವುದು, ಮತ್ತೆ ಬಗ್ಗುವುದು. ರೇಷ್ಮೆ ಕದಿಯುತ್ತಿದ್ದಾಳೆ, ಸಂಶಯವೇ ಬೇಡ ಎಂದುಕೊಂಡೆ. ಸಾಕ್ಷಿ ಸಮೇತ ಹಿಡಿದು, ಇನ್ನು ಬರಬೇಡ ಎನ್ನಬೇಕೆಂದು ನೂಲಿನ ಬುಟ್ಟಿಯಲ್ಲಿ ಮೊಬೈಲಿನ ವಿಡಿಯೊ ಹಚ್ಚಿಟ್ಟು ಚಹಾ ಕುಡಿಯಲು ಹೋದೆ. ಈ ಕೆಲಸ ತಪ್ಪಿದರೆ ಆಕೆಗೆ ಬೇರೆ ಊಟದ ದಾರಿ ಇಲ್ಲ ಎಂಬುದು ಗೊತ್ತಿತ್ತು. ಗೊತ್ತಿದ್ದೇ ಹೋದೆ.

ಮರಳಿ ಬಂದು ಮೊಬೈಲು ತೆಗೆದುಕೊಂಡು ಹಿತ್ತಲಲ್ಲಿ ನಿಂತು ನೋಡಿದೆ. ಎರಡು ಸಲ ನೋಡಿದೆ. ಆಕೆ ಚಂಚಿಯೊಳಗೆ ಏನನ್ನೂ ಹಾಕುತ್ತಿರಲಿಲ್ಲ, ಅದರಿಂದ ತೆಗೆಯುತ್ತಿದ್ದಳು. ನಾನು ಕಟ್ಟದೆ ಬಿಟ್ಟಿದ್ದ ಖಾಲಿ ಜಾಗಗಳನ್ನು ಹುಡುಕಿ, ತನ್ನಲ್ಲಿದ್ದ ಎಳೆಯ ತುಂಡನ್ನು ಅಲ್ಲಿ ತೂರಿಸಿ, ಹೊಸ ಎಳೆಗೆ ಜೋಡಿ ಮಾಡುತ್ತಿದ್ದಳು. ನನಗೆ ಬೆನ್ನು ಮಾಡಿದ್ದು ಕಿಟಕಿಯ ಬೆಳಕಿಗಾಗಿ.

ಮುಖ ಬಿಸಿಯಾಯಿತು. ಆದರೂ ಹುಟ್ಟುಗುಣ ಬಿಡಬೇಕಲ್ಲ. ಒಳಗೆ ಹೋಗಿ, ಹೇಳದ ಕೆಲಸ ಯಾಕೆ ಮಾಡುತ್ತೀ, ಒಂದೆಳೆ ಇಲ್ಲದಿದ್ದರೆ ಯಾರಿಗೆ ಕಾಣುತ್ತದೆ ಎಂದು ಗದರಿಸುವಂತೆಯೇ ಕೇಳಿದೆ.

ಆಕೆ ತಲೆ ಎತ್ತಲಿಲ್ಲ. “ಯಾರಿಗೂ ಕಾಣೂದಿಲ್ಲರಿ, ಖರೆ. ಆದ್ರ ಬಾಜೂಕಿನ ಎಳಿಗೆ ಗೊತ್ತಾಕ್ಕೈತಿ. ಭಾರ ಎಲ್ಲಾ ಅದರ ಮ್ಯಾಲ ಬೀಳತೈತಿ.”

ನಾನು ಅಣ್ಣನ ಮಗ್ಗದ ಕಡೆ ನೋಡಿದೆ. ಹೊದಿಸಿದ ಬಟ್ಟೆಯ ಮೇಲೆ ಧೂಳು ಕೂತಿತ್ತು. ಅವನು ಹೋದದ್ದು ಓಣಿಗೆ ಗೊತ್ತೇ ಆಗಲಿಲ್ಲವೆಂದು ಎಷ್ಟು ತಿಂಗಳು ಉರಿದುಕೊಂಡಿದ್ದೆ. ನನಗೆ ಗೊತ್ತಾಗಿತ್ತಲ್ಲ, ದಿನಾಲೂ ಗೊತ್ತಾಗುತ್ತಿತ್ತಲ್ಲ. ವಿಡಿಯೊ ಅಳಿಸಿದೆ. ಆಕೆಯ ಎದುರು ಕೂತು ಬೂದಿಯ ಬಟ್ಟಲನ್ನು ನನ್ನ ಕಡೆ ಎಳೆದುಕೊಂಡೆ.

“ಇನ್ನೆಲ್ಲೆಲ್ಲಿ ಬಿಟ್ಟೀನಿ, ತೋರಸವ್ವಾ” ಎಂದೆ.