ಕೋಟಿನ ಅಂಚಿನ ಕರೀ ಗೆರೆ

ಹಾಂ, ಎಲ್ಲಿಗೆ ಬಂದಿದ್ದೆ? ಕೋಟಿನ ಹತ್ತಿರ. ಆ ಇಂಗ್ಲಿಷ್ ಸಿನಿಮಾದ ಕೆಲಸದ ಹೆಣ್ಣುಮಗಳ ಕೋಟು. ತಡೀರಿ, ನಾನು ಯಾವಾಗಲೂ ಹೀಗೇ, ನಡುವಿನಿಂದ ಹಿಡಿದುಬಿಡುತ್ತೇನೆ. ಮೊದಲು ಸತ್ಯವ್ವಜ್ಜಿಯ ಬಗ್ಗೆ ಹೇಳಬೇಕು.

ಸತ್ಯವ್ವಜ್ಜಿ ಹುನ್ನೂರಿನವರು, ನನ್ನ ಗೆಳೆಯ ಹಾಲೇಶನ ಅಜ್ಜಿ. ಹಾಲೇಶ ಮತ್ತು ನಾನು ಜಮಖಂಡಿಯಲ್ಲಿ ಒಂದೇ ಕಾಲೇಜು. ಅವನು ಈಗ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತ ಮುಧೋಳದ ಫ್ಯಾಕ್ಟರಿಗೆ ಓಡಾಡುತ್ತಾನೆ. ನಾನು ಹಳೇ ಕಪ್ಪು-ಬಿಳುಪು ಸಿನಿಮಾ ಹುಡುಕುತ್ತ ಫೋನಿನ ಡೇಟಾ ಮುಗಿಸುತ್ತೇನೆ. ಅಜ್ಜಿಗೆ ಅರವತ್ತೇಳು ವಯಸ್ಸು. ಹದಿನೇಳಕ್ಕೆ ಸೊಸೆಯಾಗಿ ಬಂದಾಗಿನಿಂದ ರಾಟೆಯ ಮುಂದೆ ಕೂತು ಕುರಿ ಉಣ್ಣೆ ನೂಲುತ್ತಾರೆ. ಆ ನೂಲಿನಿಂದ ಅಜ್ಜ ಗಿರಮಲ್ಲಪ್ಪ ಕಂಬಳಿ ನೇಯುತ್ತಿದ್ದರು. ಮಗ್ಗ ಅಂದರೆ ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂರುವಂಥದ್ದು. ಅವರ ಮನೆಯ ಪದ್ಧತಿಯಲ್ಲಿ ಹೆಂಗಸು ನೂಲುತ್ತಾಳೆ, ಗಂಡಸು ನೇಯುತ್ತಾನೆ. ಹೆಂಗಸು ಆ ಕುಣಿಗೆ ಇಳಿಯುವುದಿಲ್ಲ.

ಅಜ್ಜಿಗೆ ಮಾತ್ರ ಐವತ್ತು ವರ್ಷದಿಂದ ಒಂದು ಆಸೆ. ಒಂದು ಕಂಬಳಿ ನೇಯಬೇಕು. ಒಂದೇ ಒಂದು, ಈ ದಡಿಯಿಂದ ಆ ದಡಿಯವರೆಗೆ ತಮ್ಮ ಕೈಯಿಂದಲೇ. ಆ ಆಸೆ ಹೋಗಿ ಒಂದು ಕೊಲೆ ಸಿನಿಮಾದಲ್ಲಿ ಸಿಕ್ಕಿಹಾಕಿಕೊಂಡಿತ್ತು ನೋಡಿ.

ಅಜ್ಜಿ ಮದುವೆಯಾಗಿ ಬಂದ ವರ್ಷವೇ ಬನಹಟ್ಟಿಯ ಗಂಗಾರಾಮ ಅನ್ನುವವನು ಹುನ್ನೂರಿಗೆ ಸಿನಿಮಾ ತಂಬು ತಂದಿದ್ದ. ದೇವರ ಸಿನಿಮಾ ಅಂತ ಡಂಗುರ ಹೊಡೆಸಿದ್ದ. ಜನ ಚಪ್ಪಲಿ ಹೊರಗೆ ಬಿಟ್ಟು, ಕಾಯಿ, ಊದಿನಕಡ್ಡಿ ಹಿಡಿದುಕೊಂಡು ಬಂದರು. ಆದರೆ ಹುಬ್ಬಳ್ಳಿಯಿಂದ ಬಂದ ರೀಲಿನ ಪೆಟ್ಟಿಗೆ ಯಾವುದೋ ಬಸ್ಸಿನಲ್ಲಿ ಅದಲುಬದಲಾಗಿತ್ತು. ಪೆಟ್ಟಿಗೆಯ ಮೇಲೆ ದೇವರು, ಒಳಗೆ ಇಂಗ್ಲಿಷ್ ಕೊಲೆ. ಜನ ಆಗಲೇ ಕೂತಿದ್ದರು, ಗಂಗಾರಾಮ ದೇವರ ಮೇಲೆ ಭಾರ ಹಾಕಿ ಓಡಿಸಿಬಿಟ್ಟ. ಬಿಳೀ ದಾಡಿಯ ಡಾಕ್ಟರ್ ಪರದೆ ಮೇಲೆ ಬಂದಾಗ ಮುಂದಿನ ಸಾಲಿನವರು ಋಷಿ ಅಂತ ತಿಳಿದು ಕೈ ಮುಗಿದರಂತೆ!

ತಂಬುವಿನ ಮುಂದಿನ ಭಾಗ ತುಂಬಿಹೋಗಿ ಸೊಸೆಯಂದಿರನ್ನೆಲ್ಲ ಪರದೆಯ ಹಿಂದೆ ಕೂರಿಸಿದ್ದರು. ಹಿಂದಿನಿಂದ ನೋಡಿದರೆ ಎಡ ಬಲವಾಗುತ್ತದೆ, ಅಕ್ಷರ ತಿರುಗುಮುರುಗಾಗುತ್ತದೆ. ಅಜ್ಜಿಗೆ ಇಂಗ್ಲಿಷ್ ಯಾವ ಕಡೆಯಿಂದಲೂ ಬರುತ್ತಿರಲಿಲ್ಲ, ಹಾಗಾಗಿ ನಷ್ಟವೇನೂ ಆಗಲಿಲ್ಲ.

"ಮಂಜಂದ್ರ ಏನ್ ಮಂಜಪಾ ಅದು," ಅನ್ನುತ್ತಾರೆ ಅಜ್ಜಿ, ರಾಟೆ ತಿರುಗಿಸುತ್ತಲೇ. "ಉಣ್ಣಿ ಹಿಂಜುಮುಂದ ಮನಿ ತುಂಬ ಎಳಿ ಹಾರತಾವಲ್ಲ, ಹಂಗ. ಆ ಮಂಜಿನಾಗ ಅರ್ಧ ಬಿದ್ದ ಮನಿಗೋಳು. ಯುದ್ಧ ಮುಗದಿತ್ತಂತ. ಗ್ವಾಡಿ ಇಲ್ಲದ ಮನ್ಯಾಗ ಮೆಟ್ಟಲಾ ಮಾತ್ರ ಉಳದಾವು, ಸೀದಾ ಆಕಾಶಕ್ಕ ಹೋಗತಾವು. ಬಣ್ಣ ನೋಡಿದ್ರ ಕರೇದು, ಬಿಳೇದು, ಬೂದಿ. ನಮ್ಮ ಕುರಿ ಮೈಮ್ಯಾಲ ಇಲ್ಲದ ಬಣ್ಣ ಒಂದೂ ಇದ್ದಿಲ್ಲ ಅದರಾಗ."

ಆ ಊರಿನ ಒಂದು ಬಾಡಿಗೆ ಮನೆಯಲ್ಲಿ ಒಬ್ಬ ಶ್ರೀಮಂತ ಮುದುಕ ಹಾಸಿಗೆಯಲ್ಲೇ ಸತ್ತುಬೀಳುತ್ತಾನೆ. ಅಜ್ಜಿ ಅವನನ್ನು ಸಾವ್ಕಾರ ಅನ್ನುತ್ತಾರೆ, ಇನ್ಸ್‌ಪೆಕ್ಟರನನ್ನು ಫೌಜದಾರ ಅನ್ನುತ್ತಾರೆ. ಮನೆಯಲ್ಲಿ ಇನ್ನಿಬ್ಬರು, ದಾಡಿಯ ಡಾಕ್ಟರ್ ಮತ್ತು ಮಾತೇ ಆಡದ ಒಬ್ಬ ಕೆಲಸದಾಕೆ. ಎಲ್ಲರೂ ಮುಖ ನೋಡುತ್ತಿದ್ದರೆ ಅಜ್ಜಿ ಹಾಸಿಗೆ ನೋಡುತ್ತಿದ್ದರು.

"ಸಾವ್ಕಾರನ ಮ್ಯಾಲ ಎರಡು ಕಂಬಳಿ ಇದ್ದೂ. ದಡಿಗೆ ನಾಕ ಬೆರಳು ಬಿಟ್ಟು ಒಂದು ಕರೇ ಗೆರಿ. ಸತ್ತ ಮ್ಯಾಲ ನೋಡತೇನಿ, ಒಂದ ಐತಿ! ಇನ್ನೊಂದು ಎಲ್ಲಿ ಹೋತು? ಮುಂದ ಆ ಕೆಲಸದಾಕಿ ಹೊಸಾ ಕೋಟು ಹಾಕ್ಕೊಂಡು ಮೆಟ್ಟಲಾ ಇಳದ್ಲು. ಗಾಳಿಗೆ ಅಂಚು ಮಗಚಿತು. ಒಳಗ ಅದ ಗೆರಿ. ಕಂಬಳಿ ಕತ್ತರಿಸಿ ಕೋಟು ಹೊಲಕೊಂಡಿದ್ಲು, ಕಳ್ಳಿ!"

ಯುದ್ಧದ ನಂತರ ಆ ದೇಶದಲ್ಲಿ ಬಟ್ಟೆಯನ್ನೂ ರೇಷನ್ನಿನಲ್ಲಿ ಕೊಡುತ್ತಿದ್ದರು, ಚಳಿಗೆ ಜನ ಕಂಬಳಿಯಿಂದಲೇ ಕೋಟು ಹೊಲಿದುಕೊಳ್ಳುತ್ತಿದ್ದರು ಅಂತ ನಾನು ಆಮೇಲೆ ಓದಿ ತಿಳಿದೆ. ಅಜ್ಜಿ ಓದದೇ ಹೇಳಿದ್ದರು.

ಕೊನೆಗೆ ಫೌಜದಾರ ಎಲ್ಲರನ್ನೂ ಒಂದು ಕೋಣೆಗೆ ಕರೆಯುತ್ತಾನೆ. ನಿಧಾನ ನಡೆದು ಬಂದು ಕೆಲಸದಾಕೆಯ ಮುಂದೆ ನಿಲ್ಲುತ್ತಾನೆ. ಅವನ ಕೈ ಕೋಟಿನ ಅಂಚಿನ ಕಡೆ ಚಾಚುತ್ತದೆ. ಅಷ್ಟರಲ್ಲಿ ಬಿರುಗಾಳಿ ಎದ್ದು ಪರದೆ ಕಿತ್ತುಕೊಂಡು ಹೋಯಿತು. ಮಷಿನ್ ಇನ್ನೂ ಓಡುತ್ತಿತ್ತಂತೆ. ಫೌಜದಾರನ ಕೈ ಬೇವಿನ ಗಿಡದ ಮೇಲೆ ಬಿತ್ತು, ಓಡುವ ಜನರ ಬೆನ್ನ ಮೇಲೆ ಬಿತ್ತು, ಮಲಗಿದ್ದ ಕುರಿಗಳ ಮೇಲೆ ಒಂದು ಗಳಿಗೆ ಅಲೆದಾಡಿತು. ಆಮೇಲೆ ಗಂಗಾರಾಮ ದೀಪ ಆರಿಸಿದ. ಮರುದಿನ ತಂಬು ಕಟ್ಟಿಕೊಂಡು ಬೀಳಗಿ ಕಡೆ ಹೋದವನು ಮತ್ತೆ ಆ ಪೆಟ್ಟಿಗೆ ತರಲಿಲ್ಲ.

ಮನೆಗೆ ನಡೆಯುತ್ತ ಹೊಸ ಗಂಡಹೆಂಡತಿ ಜಗಳಾಡಿದರು.

"ಆ ಕೆಲಸದಾಕೀನ ಕೊಂದಾಳ್ರಿ."

"ಹುಚ್ಚಿ ಅದೀಯೇನ? ಡಾಕ್ಟರ್ ಕೊಂದಾನ. ಅವನ ಕಣ್ಣು ನೋಡಿದೇನು, ನರಿ ಕಣ್ಣು."

"ಕಣ್ಣು ಯಾರ್ ನೋಡ್ತಾರ? ಕಂಬಳಿ ನೋಡಿದ್ರೇನು ನೀವು?"

"ಸಿನಿಮಾಕ್ಕ ಹೋಗಿ ಕಂಬಳಿ ನೋಡಾಕಿ ನೀ ಒಬ್ಬಾಕಿ! ಹಂಗೇನರ ಆಕಿ ಕೊಂದಿದ್ರ, ನೀ ಮಗ್ಗಕ್ಕ ಕೂಡು, ನಾ ರಾಟಿ ಮುಂದ ಕೂಡ್ತೇನಿ. ಆತಿಲ್ಲ?"

"ಆತು. ಮಾತು ಅಂದ್ರ ಮಾತು."

ಗಿರಮಲ್ಲಪ್ಪಜ್ಜ ತಮಾಷೆಗೆ ಅಂದದ್ದು. ಸತ್ಯವ್ವಜ್ಜಿಗೆ ಅದು ತಮಾಷೆಯಾಗಿರಲಿಲ್ಲ. ಕೊನೆ ಗೊತ್ತಾಗಲಿಲ್ಲ, ಪಂಥ ಹಾಗೇ ಉಳಿಯಿತು. ಅಜ್ಜಿ ನೂಲುತ್ತ ನೂಲುತ್ತ ಆ ಕಥೆಯನ್ನು ಊರಿಗೆಲ್ಲ ಹೇಳಿದರು. ಮಕ್ಕಳಿಗೆ, ಮೊಮ್ಮಕ್ಕಳಿಗೆ, ಉಣ್ಣೆ ತರುವವರಿಗೆ, ಮನೆಗಣತಿಗೆ ಬಂದ ಮಾಸ್ತರಿಗೆ ಕೂಡ. ಪ್ರತಿ ಸಲ ಕೆಲಸದಾಕೆಯೇ ಕೊಂದಳು ಅನ್ನುತ್ತಿದ್ದರು, ಪ್ರತಿ ಸಲ ಮಗ್ಗದ ಕುಣಿಯಿಂದ ಅಜ್ಜ "ಡಾಕ್ಟರ್!" ಅಂತ ಕೂಗುತ್ತಿದ್ದರು.

ಈ ವರ್ಷ ಎಲ್ಲ ಅವಸರವಾಯಿತು. ಅಜ್ಜನ ಮೊಣಕಾಲು ಹಿಡಿದುಕೊಂಡವು, ಕುಣಿಗೆ ಇಳಿಯಲಾಗದು. ಕಣ್ಣಲ್ಲಿ ಪೊರೆ ಬಂದಿದೆ. ಮಕ್ಕಳು ಯಾರೂ ನೇಯುವುದಿಲ್ಲ. ಹಾಲೇಶನ ಅವ್ವ ಮಾಯಾ ಆ ಕೋಣೆಗೆ ಟೈಲ್ಸ್ ಹಾಕಿಸಬೇಕು ಅಂತ ಗೌಂಡಿಗೂ ಹೇಳಿಟ್ಟಿದ್ದರು. ಮುಂದಿನ ತಿಂಗಳು ಕುಣಿ ಮುಚ್ಚುವುದು ಗಟ್ಟಿಯಾಗಿತ್ತು. ಅಜ್ಜನಿಗೇ ಮನಸ್ಸು ಕರಗಿತು.

"ಏ ಸತ್ಯವ್ವಾ, ಸುಮ್ನ ಕೂಡಬಾರದ? ಯಾರ್ ಏನಂತಾರ ಈಗ?"

"ಗೆದ್ದ ಕೂಡ್ತೇನಿ. ಪುಕ್ಕಟ ಒಲ್ಲೆ," ಅಂದರು ಅಜ್ಜಿ, ತಲೆ ಕೂಡ ಎತ್ತದೆ.

ಅಂದರೆ ಸಿನಿಮಾ ಸಿಗಬೇಕು. ಹಾಲೇಶ ನನ್ನ ಹತ್ತಿರ ಬಂದ. ಹೆಸರು ಗೊತ್ತಿಲ್ಲ, ನಟರು ಗೊತ್ತಿಲ್ಲ. ಗೊತ್ತಿದ್ದದ್ದು ಮಂಜು, ಮುರಿದ ಮನೆ, ಎರಡು ಕಂಬಳಿ, ಒಂದು ಕೋಟು. ಅಷ್ಟನ್ನೇ ಬರೆದು ಹಳೇ ಸಿನಿಮಾ ಹುಚ್ಚರ ಗುಂಪಿಗೆಲ್ಲ ಹಾಕಿದೆ. ಮೂರನೇ ವಾರ ಯಾವುದೋ ತಣ್ಣನೆಯ ಊರಿನ ಒಬ್ಬ ಮುದುಕ ಉತ್ತರ ಬರೆದ. ಮೆಟ್ಟಿಲಿನ ಮೇಲೆಯೇ ಕೋಟಿನ ಗೆರೆ ಕಂಡವರು ಯಾರು, ತಾನು ನಾಲ್ಕು ಸಲ ನೋಡಿದರೂ ಅಲ್ಲಿ ಅದನ್ನು ಗಮನಿಸಿರಲಿಲ್ಲ ಅಂತ ಕೇಳಿದ, ಸಿನಿಮಾ ಕಳಿಸಿದ. ಕುಣಿದಾಡಿಬಿಟ್ಟೆ. ಆದರೆ ಅಜ್ಜಿ ಫೋನಿನಲ್ಲೇ ಕೈ ಕಟ್ಟಿಹಾಕಿದರು.

"ಕೊನಿ ನೀ ಮೊದ್ಲ ನೋಡಬ್ಯಾಡ ಮತ್ತ. ಬೀರಪ್ಪ ದೇವ್ರ ಆಣಿ ಐತಿ."

ನೋಡಲಿಲ್ಲ. ಬೆರಳು ಎಷ್ಟು ತುರಿಸಿದವು ಅಂತ ನನಗೇ ಗೊತ್ತು.

ಒಂದು ರವಿವಾರ ಮಧ್ಯಾಹ್ನ ಜಮಖಂಡಿಯ ಟ್ಯೂಷನ್ ಕ್ಲಾಸಿನವರಿಂದ ಸಣ್ಣ ಪ್ರೊಜೆಕ್ಟರ್ ಇಸಿದುಕೊಂಡು ಹುನ್ನೂರಿಗೆ ಹೋದೆ. ಮಗ್ಗದ ಕೋಣೆಯ ಬಾಗಿಲು ಹಾಕಿ, ಕಿಟಕಿಗೆ ಕಂಬಳಿ ಮುಚ್ಚಿದೆವು. ಅಜ್ಜನ ಒಂದು ಬಿಳೀ ಧೋತರವನ್ನು ಹಗ್ಗಕ್ಕೆ ಇಳಿಬಿಟ್ಟೆವು. ಅಜ್ಜನಿಗೆ ಮುಂದೆ ಕುರ್ಚಿ. ಅಜ್ಜಿ ಎದ್ದು ಧೋತರದ ಹಿಂದೆ ಹೋಗಿ ಕೂತರು.

"ಅಲ್ಲ್ಯಾಕ್ರಿ ಅತ್ತಿ, ಇತ್ಲಾಗ ಬರ್ರಿ, ಛಂದ ಕಾಣತೈತಿ," ಅಂದರು ಮಾಯಾ.

"ನಾ ನೋಡಿದ್ ಸಿನಿಮಾ ಈ ಕಡೆ ಐತೆವ್ವಾ."

ಪ್ರೊಜೆಕ್ಟರಿನ ಬೆಳಕು ಹೊರಟಿತು. ಆ ಕೋಣೆಯಲ್ಲಿ ಐವತ್ತು ವರ್ಷದ ಉಣ್ಣೆಯ ಎಳೆ ತೇಲುತ್ತಿತ್ತು, ಬೆಳಕಿನಲ್ಲಿ ಅದೆಲ್ಲ ಎದ್ದು ಕಾಣಿಸಿತು. ಆ ಊರಿನ ಮಂಜು ಎಲ್ಲಿ ಮುಗಿಯಿತು, ನಮ್ಮ ಕೋಣೆಯ ಉಣ್ಣೆ ಎಲ್ಲಿ ಶುರುವಾಯಿತು ಅಂತ ತಿಳಿಯಲಿಲ್ಲ. ಆಕಾಶಕ್ಕೆ ಹೋಗುವ ಮೆಟ್ಟಿಲು ಬಂತು. ಅಜ್ಜಿ ಹೇಳಿದ್ದ ಹಾಗೆಯೇ ಇತ್ತು. ಧೋತರದ ಹಿಂದೆ ಕೂತ ಅಜ್ಜಿಯ ಆಕಾರ ಒಮ್ಮೊಮ್ಮೆ ತೆಳು ಬಟ್ಟೆಯೊಳಗಿಂದ ಮಸುಕಾಗಿ ತೋರುತ್ತಿತ್ತು, ಆಗ ಅವರೂ ಆ ಮನೆಯ ಯಾವುದೋ ಕೋಣೆಯಲ್ಲಿ ಕೂತ ಹಾಗೆ ಕಾಣುತ್ತಿತ್ತು. ಹೊರಗೆ ಮಧ್ಯಾಹ್ನದ ಬಿಸಿಲು, ಕೋಳಿಯ ಸದ್ದು, ದೂರದಲ್ಲಿ ಟ್ರ್ಯಾಕ್ಟರಿನ ಹಾಡು. ಒಳಗೆ ಯಾವುದೋ ಕಾಲದ ಚಳಿ. ನಿಜವಾಗಲೂ ನನ್ನ ಕೈ ತಣ್ಣಗಾಗಿತ್ತು.

ಅಜ್ಜನಿಗೆ ಬರೀ ಬೆಳಕು, ಕತ್ತಲೆ. "ಈಗ ಯಾರ್ ಬಂದ್ರು? ಈಗ ಏನ್ ಮಾಡ್ತಾನ?" ಅಂತ ಕೇಳುತ್ತಿದ್ದರು. ಹಿಂದಿನಿಂದ ಅಜ್ಜಿಯೇ ಹೇಳುತ್ತಿದ್ದರು.

"ಎರಡು ಕಂಬಳಿ ಅದಾವ್ರಿ... ಈಗ ಒಂದ ಐತಿ... ಮೆಟ್ಟಲಾ ಇಳದ್ಲು... ನೋಡ್ರಿ ಗೆರಿ!"

ಫೌಜದಾರ ಎಲ್ಲರನ್ನೂ ಕರೆದ. ಕೆಲಸದಾಕೆಯ ಮುಂದೆ ನಿಂತ. ಕೈ ಚಾಚಿದ. ಈ ಸಲ ಗಾಳಿ ಬರಲಿಲ್ಲ.

ಅವನು ಕೋಟಿನ ಅಂಚು ಎತ್ತಿ ಗೆರೆ ತೋರಿಸಿದ. ಕೆಲಸದಾಕೆ ಅಳತೊಡಗಿದಳು, ಏನೋ ಹೇಳಿದಳು. ಆಮೇಲೆ ಫೌಜದಾರ ತಿರುಗಿದ. ಕೈಕೋಳ ಬಿದ್ದದ್ದು ದಾಡಿಯ ಡಾಕ್ಟರನಿಗೆ.

"ಯಾರಬೇ?" ಅಂದರು ಅಜ್ಜ. "ಯಾರನ್ನ ಹಿಡದ್ರು?"

ಅಜ್ಜನಿಗೆ ಕಾಣುವುದಿಲ್ಲ, ಇಂಗ್ಲಿಷ್ ಗೊತ್ತಿಲ್ಲ. ಅಜ್ಜಿ ಏನು ಹೇಳಿದರೂ ನಡೆಯುತ್ತಿತ್ತು. ಹಾಲೇಶ ನನ್ನ ಕಡೆ ನೋಡಿದ, ಮಾಯಾ ಸೆರಗು ಕಚ್ಚಿಕೊಂಡರು. ನಾವು ಮೂವರೂ ಸುಳ್ಳಿಗೆ ತಯಾರಿದ್ದೆವು.

"ಡಾಕ್ಟರನ್ನ ಹಿಡದ್ರು," ಅಂದರು ಅಜ್ಜಿ. "ನೀವ ಗೆದ್ರಿ."

ಅಜ್ಜ ನಗಲಿಲ್ಲ. ಐವತ್ತು ವರ್ಷ ಕೂಗಿದ ಮಾತು ನಿಜವಾದರೂ ಅವರ ಮುಖ ಅರಳಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು. "ತಮ್ಮಾ, ಡಾಕ್ಟರ್ ಅಂತ ಫೌಜದಾರಗ ಹೆಂಗ ಗೊತ್ತಾತು?"

ಹೇಳಿದೆ. ಚಳಿಗೆ ಕೋಟು ಹೊಲಿದುಕೊಳ್ಳಲು ಕೆಲಸದಾಕೆ ಆ ಸಂಜೆ ಕಂಬಳಿ ಕದಿಯಲು ಸಾವ್ಕಾರನ ಕೋಣೆಗೆ ಹೋಗಿದ್ದಳು. ಹೆಜ್ಜೆ ಸದ್ದು ಕೇಳಿ ಅಡಗಿಕೊಂಡಳು. ಡಾಕ್ಟರ್ ಲೋಟಕ್ಕೆ ವಿಷ ಹಾಕುವುದನ್ನು ನೋಡಿದಳು. ಹೇಳಿದರೆ ತನ್ನ ಕಳ್ಳತನ ಬಯಲಾಗುತ್ತದೆ ಅಂತ ಸುಮ್ಮನಿದ್ದಳು. ಕೋಟಿನ ಗೆರೆ ನೋಡಿಯೇ ಫೌಜದಾರ, ಇವಳು ಆ ಕೋಣೆಯಲ್ಲಿದ್ದಳು ಅಂತ ಕಂಡುಹಿಡಿದದ್ದು.

"ಅಂದ್ರ ಕಂಬಳಿಯಿಂದನ ಗೊತ್ತಾತು?"

"ಹೌದ್ರಿ ಅಜ್ಜಾ."

ಅಜ್ಜ ಮೊಣಕಾಲು ಹಿಡಿದು ಎದ್ದರು. ತಡವರಿಸುತ್ತ ಹೋಗಿ ಧೋತರ ಸರಿಸಿದರು. ಡಾಕ್ಟರನ ಮುಖ ಅಜ್ಜನ ಬೆನ್ನ ಮೇಲೆ ಬಿದ್ದಿತ್ತು.

"ಏ ಸತ್ಯವ್ವಾ. ಕಣ್ಣು ನೋಡಿ ಯಾವನರ ಹೇಳ್ತಾನ. ಮುಂದಿನ ಸಾಲಿನ್ಯಾಗ ಕುಂತು ನಾ ಹುಟ್ಟಾ ನೇಕಾರ ಒಂದು ಕಂಬಳಿ ಕಡಿಮಿ ಆಗಿದ್ದು ನೋಡಲಿಲ್ಲ. ಪರದೆ ಹಿಂದ ಕುಂತು ನೀ ನೋಡಿದಿ. ಮಗ್ಗಕ್ಕ ಯಾರ್ ಕೂಡಬೇಕು ಹೇಳು?"

"ಸೋತಾಕಿ ಕೂಡ್ಲಿ?"

"ಸೋತಾಂವ ನಾ ಅದೇನಿ. ಇಳಿ ಕುಣಿಗೆ. ರಾಟಿ ಎಲ್ಲಿ ಐತಿ, ಕೊಡು ಇತ್ಲಾಗ."

"ನೂಲಾಕ ಬರತೈತೇನ್ ನಿಮಗ?"

"ನಿನಗ ನೇಯಾಕ ಬರತೈತೇನು?"

ಮಾಯಾ ನಕ್ಕು ಕಿಟಕಿಯ ಕಂಬಳಿ ತೆಗೆದರು. ಬಿಸಿಲು ಬಂದು ಧೋತರದ ಮೇಲಿನ ಊರು ಮಾಸಿಹೋಯಿತು. ಅಜ್ಜಿ ಸೀರೆ ಎತ್ತಿ ಕಟ್ಟಿ, ಮಗ್ಗದ ಅಂಚಿಗೆ ಕೈ ಮುಟ್ಟಿಸಿ ಹಣೆಗೊತ್ತಿಕೊಂಡು, ಕುಣಿಗೆ ಕಾಲಿಟ್ಟರು. ಒಳಗೆ ತಂಪೈತಿ ಅಂದರು, ಅಷ್ಟೇ.

ಟೈಲ್ಸ್ ಮುಂದಕ್ಕೆ ಹೋಗಿದೆ. ಅಜ್ಜನ ನೂಲು ಒಂದು ಕಡೆ ಹಗ್ಗದಷ್ಟು ದಪ್ಪ, ಒಂದು ಕಡೆ ಕೂದಲಿನಷ್ಟು ಸಣ್ಣ. ಅಜ್ಜಿ ನೇಯ್ದ ದಡಿ ಹಾವಿನ ಹಾಗೆ ಹರಿದಾಡುತ್ತದೆ. ದಿನಕ್ಕೆ ಒಂದು ಗೇಣೂ ಆಗುವುದಿಲ್ಲ, ಇಬ್ಬರೂ ಬೈದಾಡಿಕೊಳ್ಳುತ್ತಾರೆ. ಆದರೆ ಆ ಕಂಬಳಿಯಲ್ಲಿ ದಡಿಗೆ ನಾಲ್ಕು ಬೆರಳು ಬಿಟ್ಟು ಒಂದು ಕರೀ ಗೆರೆ ಓಡುತ್ತಿದೆ, ಅದು ಮಾತ್ರ ನೆಟ್ಟಗಿದೆ.

ನೀವು ಒಮ್ಮೆ ಹೋಗಿ. ಜಮಖಂಡಿಯಿಂದ ಹುನ್ನೂರಿಗೆ ಬಸ್ಸಿದೆ. ಇಳಿದು ಕಂಬಳಿ ಸತ್ಯವ್ವನ ಮನಿ ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಹೋದರೆ ಒಳ್ಳೇದು, ಆಗ ಲಾಳಿಯ ಸದ್ದು ಬಾಗಿಲಿಗೇ ಕೇಳುತ್ತದೆ. ಅಜ್ಜಿ ಚಹಾ ಕೊಟ್ಟು ಸಿನಿಮಾದ ಕಥೆ ಹೇಳುತ್ತಾರೆ, ಗಾಳಿ ಬಂದು ಪರದೆ ಹಾರುವಲ್ಲಿಗೆ ನಿಲ್ಲಿಸಿ, "ಯಾರ್ ಕೊಂದ್ರು ಹೇಳು ನೋಡೂಣ" ಅಂತ ಕೇಳುತ್ತಾರೆ. ನೀವು ಗೊತ್ತಿಲ್ಲದವರ ಹಾಗೆ ಕೂತಿರಿ. ಕಂಬಳಿ ಇನ್ನೂ ಮಗ್ಗದ ಮೇಲೇ ಇದೆ, ಅದು ಇಳಿಯುವ ಮೊದಲು ಹೋಗಿ ಬನ್ನಿ.