ಬಾಗಳಿಯಲ್ಲಿ ಎಷ್ಟು ಜನ ಕೂತು ಉಣ್ಣಬಹುದು

ಹಳೆಯ ಊರುಗಳಲ್ಲಿ ಬಯಲಲ್ಲಿ ಕೂತು ಉಣ್ಣಲು ಒಳ್ಳೆಯ ಜಾಗ ಎಲ್ಲೆಲ್ಲಿವೆ ಎಂದು ಪಟ್ಟಿ ಮಾಡುವ ಕೆಲಸ ಕಚೇರಿಯಿಂದ ನನಗೆ ಬಂದಿತ್ತು. ಬಾಗಳಿಯ ಕಲ್ಲೇಶ್ವರ ಗುಡಿಯ ಸುತ್ತ ಎಷ್ಟು ತಿರುಗಿದರೂ ಹೊರಗೆ ಕುರ್ಚಿ ಹಾಕಿದ ಒಂದು ಹೋಟೆಲೂ ಕಣ್ಣಿಗೆ ಬೀಳಲಿಲ್ಲ.

ಬೇವಿನ ಮರದಡಿ, ಗುಡಿಯ ಕಳೆ ಕೀಳಲು ಬಂದಿದ್ದ ನಾಲ್ವರು ಕೂಲಿ ಹೆಂಗಸರು ಬುತ್ತಿ ಬಿಚ್ಚುತ್ತಿದ್ದರು. ಅವರಲ್ಲಿ ಹಿರಿಯರಾದ ಹನುಮಕ್ಕ, "ಬರ್ರಿ ಅಣ್ಣಾ, ಉಣ್ಣಾಕ" ಎಂದು ಕರೆದರು. ತಟ್ಟೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಅಂಗೈ ಮೇಲೆ ಜೋಳದ ರೊಟ್ಟಿ, ಅದರ ಮೇಲೆ ಪುಂಡಿಪಲ್ಯ ಬಂದು ಕೂತಿತ್ತು.

ಹನುಮಕ್ಕ ತಮ್ಮ ರೊಟ್ಟಿ ಮುರಿದಾಗ ಒಂದು ಚೂರು ಪಕ್ಕದ ಕಲ್ಲಿನ ಮೇಲೆ ಬಿತ್ತೆಂದುಕೊಂಡು ಎತ್ತಿ ಕೊಟ್ಟೆ. ನಾಲ್ವರೂ ನಕ್ಕರು.

"ಬಿದ್ದಿಲ್ರಿ, ಇಟ್ಟೀನಿ" ಎಂದು ಹನುಮಕ್ಕ ಚೂರನ್ನು ಮತ್ತೆ ಕಲ್ಲಿನ ಮೇಲಿಟ್ಟರು.

"ದೇವರಿಗಾ?"

"ದೇವ್ರಿಗೆ ಪೂಜಾರಪ್ಪ ಎಡಿ ಮಾಡ್ತಾನ. ಇದು ಈ ಗುಡಿ ಕಲ್ಲು ಹೊತ್ತೋರಿಗೆ. ಅವ್ರೂ ನಮ್ಮಂಗ ಕೂಲಿಯವ್ರ ಅಲ್ಲೇನ್ರಿ? ಉಂಡು ಹೊತ್ರೋ, ಉಪವಾಸ ಹೊತ್ರೋ, ಯಾರಿಗೆ ಗೊತ್ತೈತಿ?"

ಬೆಳಗಿನಿಂದ ಗುಡಿಯ ಕಲ್ಲುಕಂಬಗಳ ನುಣುಪಿಗೆ ಬೆರಗಾಗಿ ಫೋಟೊ ತೆಗೆದಿದ್ದೆ. ಅವನ್ನು ಹಸಿದ ಹೆಗಲುಗಳು ಹೊತ್ತು ತಂದಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಗುಡಿಯತ್ತ ಮತ್ತೆ ನೋಡಿದೆ. ಆ ಚೂರಿನ ಪಕ್ಕ ನನ್ನದೂ ಒಂದು ಮುರಿದಿಟ್ಟೆ.

ಬಾಗಳಿ ಪಟ್ಟಿಗೆ ಸೇರಿತು. ಅದರಲ್ಲಿ 'ಒಮ್ಮೆಗೆ ಎಷ್ಟು ಜನ ಕೂತು ಉಣ್ಣಬಹುದು' ಎಂಬ ಕಾಲಂ ಇದೆ. ಮೊದಲು ಐದು ಎಂದು ಬರೆದೆ, ಆಮೇಲೆ ಹೊಡೆದುಹಾಕಿದೆ. ಆ ಜಾಗ ಯಾಕೆ ಖಾಲಿ ಎಂದು ಕೇಳಿ ಕಚೇರಿಯವರು ಇವತ್ತೂ ಫೋನ್ ಮಾಡಿದ್ದರು.