ಅಕ್ಕನ ಬುದ್ಧಿ ಅಳೆದವರು

ನನ್ನ ಅಕ್ಕ ದಡ್ಡಿ ಎಂದು ಕಾಗದದಲ್ಲಿ ಬರೆದಿಟ್ಟವನು ಯಾರೆಂದು ನನಗೆ ಗೊತ್ತು. ವರ್ಷಕ್ಕೊಮ್ಮೆ ಮಕ್ಕಳ ಬುದ್ಧಿ ಅಳೆಯಲು ನಮ್ಮ ಶಾಲೆಗೆ ಬರುತ್ತಿದ್ದ ಒಬ್ಬ ಅಧಿಕಾರಿ. ಕೈಯಲ್ಲಿ ಸ್ಟಾಪ್‌ವಾಚು, ಬಗಲಲ್ಲಿ ಮರದ ಪೆಟ್ಟಿಗೆ, ಮುಖದ ತುಂಬ ಧಿಮಾಕು. ಮಕ್ಕಳೆಲ್ಲ ಅವನನ್ನು ಗಡಿಯಾರದಪ್ಪ ಎನ್ನುತ್ತಿದ್ದೆವು.

ಅಕ್ಕನಿಗೆ ಆಗ ಏಳು ವರ್ಷ. ಪೆಟ್ಟಿಗೆಯಲ್ಲಿದ್ದ ಹಲಗೆ ಚೂರುಗಳನ್ನು ಜೋಡಿಸಿ ಕುದುರೆ ಮಾಡಬೇಕಿತ್ತು. ನಮ್ಮಪ್ಪ ದರ್ಜಿ. ಯಾವ ತುಂಡನ್ನೇ ಆಗಲಿ ಉಲ್ಟಾ ಸೀದಾ ನೋಡದೆ ಜೋಡಿಸಿದರೆ ನಮ್ಮ ಮನೆಯಲ್ಲಿ ತಲೆಗೆ ಮೊಟಕು ಬೀಳುತ್ತಿತ್ತು. ಅಕ್ಕ ಒಂದೊಂದೇ ಚೂರನ್ನು ಎತ್ತಿ, ಮಗುಚಿ ನೋಡಿ, ಅಂಚು ಸವರಿ, ಸಾಲಾಗಿ ಇಟ್ಟುಕೊಂಡಳು. ಇನ್ನೇನು ಜೋಡಿಸಬೇಕು, ಅಷ್ಟರಲ್ಲಿ ಗಡಿಯಾರದಪ್ಪ "ಟೈಮಾಯ್ತು" ಎಂದ. ಯಾಕಮ್ಮಾ ಹೀಗೆ ಮಾಡಿದೆ ಎಂದು ಒಂದು ಮಾತು ಕೇಳಲಿಲ್ಲ ಪುಣ್ಯಾತ್ಮ. ಸೊನ್ನೆ ಬರೆದ. ಆಮೇಲಿನ ಪ್ರಶ್ನೆಗಳಿಗೆ ಅವಳು ಹೆದರಿ ಬಾಯಿಯೇ ಬಿಡಲಿಲ್ಲ. ಒಟ್ಟು ಬುದ್ಧಿಯ ಅಂಕ ಅರವತ್ತಾರು; ನೂರು ಬಂದರೆ ಸಾಧಾರಣವಂತೆ. ಮಂದಬುದ್ಧಿ ಎಂದು ಷರಾ ಬಿತ್ತು, ಅವಳನ್ನು ಹಿಂದಿನ ಕೋಣೆಗೆ ತಳ್ಳಿದರು.

ಅಲ್ಲಿ ಮುರಿದ ಬೆಂಚುಗಳ ನಡುವೆ ಕೂತು ಆರು ವರ್ಷ ಮಣಿ ಪೋಣಿಸಿದಳು. ಇಂಥ ಪರೀಕ್ಷೆ ಮೊದಲು ಹುಟ್ಟಿದ್ದೇ ಹಿಂದೆ ಬಿದ್ದ ಮಕ್ಕಳಿಗೆ ಹೆಚ್ಚು ಕಲಿಸಲಿಕ್ಕಂತೆ, ಬಹಳ ತಡವಾಗಿ ಓದಿದೆ. ಕಲಿಸಿದರು, ಚೆನ್ನಾಗಿ ಕಲಿಸಿದರು! ಅವಳಿಗೆ ಭಾಗಾಕಾರ ಹೇಳಿಕೊಟ್ಟವಳು ನಾನು, ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳು. ನನ್ನ ಸರದಿ ಬರುವಷ್ಟರಲ್ಲಿ ಅಪ್ಪ ಬುದ್ಧಿ ಕಲಿತಿದ್ದ. "ಏನೂ ತಿರುಗಿಸಿ ನೋಡ್ಬೇಡ, ಸುಮ್ನೆ ಸರಸರ ಇಟ್ಬಿಡು" ಎಂದ. ಇಟ್ಟೆ. ನೂರಹದಿನೆಂಟು ಬಂತು. ನಾನು ಜಾಣೆ ಎನಿಸಿಕೊಂಡು ನಾಚಿಕೆಯಿಲ್ಲದೆ ಮುಂದೆ ಓದಿದೆ.

ಅಕ್ಕ ಈಗ ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ನೂರು ಪದರ ಬಟ್ಟೆಯ ಮೇಲೆ ಕಾಲರು, ತೋಳು, ಜೇಬುಗಳನ್ನು ಅಂಗೈಯಗಲವೂ ಹಾಳಾಗದಂತೆ ಹೊಂದಿಸುತ್ತಾಳೆ. ಕಂಪ್ಯೂಟರ್ ಹಾಕಿಕೊಟ್ಟ ನಕ್ಷೆಯನ್ನೂ "ಇಲ್ಲಿ ಎರಡು ಬೆರಳು ದಂಡ ಆಗ್ತಿದೆ" ಎಂದು ತಿದ್ದುತ್ತಾಳೆ. ಅದೇ ಬ್ಯಾಂಕಿನ ಫಾರಂ ಬಂದರೆ ನನ್ನ ಕೈಗೆ ತುರುಕಿ, "ನಂಗೆಲ್ಲಿ ತಿಳಿಯುತ್ತೆ, ನೀನೇ ಬರಿ" ಎನ್ನುತ್ತಾಳೆ.

ಹೋದ ತಿಂಗಳು ಅವಳ ಮಗಳಿಗೂ ಪರೀಕ್ಷೆ ಬಂತು. ಹೊಸ ಶಾಲೆ, ಹೊಸ ಪೆಟ್ಟಿಗೆ, ನಗುಮುಖದ ಮೇಡಂ. ರೋಗ ಮಾತ್ರ ಹಳೆಯದೇ. ಅಂಕ ಕಡಿಮೆಯಾದರೆ ಬೇರೆ ತರಗತಿ. ಅಕ್ಕ ವಾರ ಮೊದಲೇ ರಟ್ಟು ಕತ್ತರಿಸಿ ಚೂರು ಮಾಡಿ, ದಿನಾ ಕೆಲಸದಿಂದ ಬಂದವಳೇ ಮಗಳನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಆ ಕೂಸೂ ಒಂದೊಂದೇ ಚೂರು ಮಗುಚಿ ನೋಡುತ್ತಿತ್ತು. "ತಿರುಗಿಸ್ಬೇಡ ಕಣೇ, ಬೇಗ ಇಡು!" ಎಂದು ಅಕ್ಕ ಗದರಿದರೆ ಅದರ ಕಣ್ಣು ತುಂಬುತ್ತಿತ್ತು.

ಪರೀಕ್ಷೆಯ ದಿನ ನಾವಿಬ್ಬರೂ ಹೊರಗೆ ಬೆಂಚಿನ ಮೇಲೆ ಕಾದೆವು. ಬಾಗಿಲು ತೆರೆಯಿತು. ಮೇಡಂ ಮಗುವಿನ ಕೆನ್ನೆ ತಟ್ಟಿ, "ನೂರಮೂವತ್ತು! ಭಾರಿ ಚುರುಕು. ಯಾರ ಬುದ್ಧಿ ಬಂದಿದೆ ಇವಳಿಗೆ?" ಎಂದಳು.

ಅವಳಮ್ಮನದೇ, ಇನ್ಯಾರದು ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ನನ್ನ ಹೆಗಲ ಮೇಲೆ ಕೈಯಿಟ್ಟು, ಮುಖವರಳಿಸಿ ಹೇಳಿದಳು: "ಇವಳ್ದು ಮೇಡಂ, ನನ್ ತಂಗೀದು. ಸದ್ಯ, ನಂದು ಬರ್ಲಿಲ್ಲ."